ಕಳ್ಳ, ಸಾಧು ಮತ್ತು ಮುಖ್ಯವಾದದ್ದು

ಫೆಬ್ರವರಿ ೧೨

ಶ್ರೀಮನ್ಮಹಾಪತಂಗಪರೀಕ್ಷಕಿ, ಸೂಕ್ಷ್ಮದರ್ಶಕ ಸಿಂಹಾಸನಾಧೀಶ್ವರಿ, ಜೀರಿಗೆ ಗಾತ್ರದ ಜೀವಿಗಳ ಜಾತಿನಿರ್ಣಾಯಕಿ, ಒಂದೇ ನೋಟದಲ್ಲಿ ಸಹಾಯಕರ ಬೆವರಿಳಿಸುವ ವಿದ್ಯೆಯಲ್ಲಿ ಅದ್ವಿತೀಯೆ, ಸದ್ಯ ಒಂದು ಕಣ್ಣಿನ ಶಸ್ತ್ರಚಿಕಿತ್ಸೆಗಾಗಿ ಎರಡಕ್ಕೂ ಪಟ್ಟಿ ಕಟ್ಟಿಸಿಕೊಂಡು ತಂಗಿಯ ಮನೆಯ ಮಂಚದ ಮೇಲೆ ವಿರಾಜಮಾನಳಾಗಿರುವ ನನ್ನ ದೊಡ್ಡತ್ತೆಯ ದಿವ್ಯಸನ್ನಿಧಾನಕ್ಕೆ, ಆಕೆಯ ತಮ್ಮನ ಮಗನೂ, ಆಕೆಯ ಕಚೇರಿಯ ತಾತ್ಕಾಲಿಕ ಸಹಾಯಕನೂ, ಆಕೆಯ ಬಾಯಲ್ಲಿ 'ತರಲೆ' ಎಂದೇ ಲೋಕವಿಖ್ಯಾತನೂ ಆದ ನಾನು ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಇದನ್ನು ಗಟ್ಟಿಯಾಗಿ ಓದಿ ಹೇಳುತ್ತಿರುವ ಚಿಕ್ಕತ್ತೆಗೂ ಅರ್ಧ ನಮಸ್ಕಾರ. ಮಿಕ್ಕರ್ಧ ಪತ್ರ ಪೂರ್ತಿ ಓದಿದ ಮೇಲೆ.

ಫೋನಿನಲ್ಲಿ ಎರಡು ನಿಮಿಷಕ್ಕೆ ಮುಗಿಯುವ ಮಾತನ್ನು ಪತ್ರದಲ್ಲಿ ಯಾಕೆ ಬರೆಯುತ್ತಿದ್ದೇನೆಂದು ಮೂವರಿಗೂ ಗೊತ್ತು. ಕಳೆದ ಸಲ ನಾನು ಫೋನ್ ಮಾಡಿದ ಮೇಲೆ ನೀನು ಕೂಗಾಡಿದ್ದಕ್ಕೆ ಕಣ್ಣಿನ ಒತ್ತಡ ಎಷ್ಟು ಏರಿತೆಂದರೆ, ಡಾಕ್ಟರು ಔಷಧದ ಚೀಟಿಯಲ್ಲೇ ಹನಿಗಳ ಕೆಳಗೆ 'ಸೋದರಳಿಯನ ಫೋನು ಬಂದ್' ಎಂದು ಬರೆದುಕೊಟ್ಟರಂತೆ. ಖಾರ, ಹುಳಿ, ಧೂಳು, ನಾನು. ಪಥ್ಯದಲ್ಲಿ ಜಾಗ ಪಡೆದ ಮೊದಲ ಮನುಷ್ಯ ನಾನೇ ಇರಬೇಕು.

ಇಲ್ಲಿ ಎಲ್ಲವೂ ಕ್ಷೇಮ. ನಿನ್ನ ಸೂಕ್ಷ್ಮದರ್ಶಕಕ್ಕೆ ಮುಸುಕು ಹಾಕಿದ್ದೇನೆ. ಊರಿನಿಂದ ಹೊರಗೆ ಹೋಗುವ ಸಸಿಗಳನ್ನು ತಪಾಸಣೆ ಮುಗಿಯುವವರೆಗೆ ತಡೆದಿಡುವ ಶೆಡ್ಡನ್ನು, ಗೋಡೆಯ ಮೇಲಿನ ನಿನ್ನ ಅಪ್ಪಣೆಯಂತೆ, ವಾರವಾರವೂ ಗುಡಿಸುತ್ತಿದ್ದೇನೆ. ಬಾಗಿಲಲ್ಲಿ ನಿಂತು ನೋಡಿದವರಿಗೆ ಒಂದು ಒಣಗಿದ ಎಲೆಯೂ ಕಾಣದು.

ವಿಷಯ ಇಷ್ಟೇ. ಮೊನ್ನೆ ಒಬ್ಬ ಸಸಿತೋಟದಾಕೆಯ ಹಣ್ಣಿನ ಸಸಿಗಳು ಶೆಡ್ಡಿಗೆ ಬಂದವು. ನಡುವೆ ತೂಗುಹಾಕಿದ್ದ ಹಳದಿ ಅಂಟುಹಾಳೆಗೆ ಒಂದಷ್ಟು ಪುಟಾಣಿ ಪತಂಗಗಳು ಮೆತ್ತಿಕೊಂಡಿವೆ. ಬೂದು ಮೈ, ರೆಕ್ಕೆಯ ಮೇಲೆ ಓರೆಯಾಗಿ ಬಿಳಿ ಪಟ್ಟೆ. ನೀನು 'ಕಳ್ಳ' ಅಂತ ಕರೆಯೋದಿದೆಯಲ್ಲ, ಚಿಗುರಿನೊಳಗೆ ಕೊರೆದು ಗಿಡವನ್ನೇ ಕೊಲ್ಲುವವನು, ಅವನ ಹಾಗೇ ಇವೆ. ನೀನು 'ಸಾಧು' ಅಂತ ಕರೆಯೋದಿದೆಯಲ್ಲ, ಉದುರಿದ ಒಣಎಲೆ ಬಿಟ್ಟು ಬೇರೇನೂ ಮುಟ್ಟದವನು, ಅವನ ಹಾಗೂ ಇವೆ. ಪುಸ್ತಕದ ಪ್ರಕಾರ ಸಾಧುವಿನ ರೆಕ್ಕೆಯ ಚುಕ್ಕೆ ಪಟ್ಟೆಯಿಂದ 'ತುಸು' ದೂರ. ತುಸು ಅಂದರೆ ಎಷ್ಟು ಅಂತ ಪುಸ್ತಕ ಬರೆದವರನ್ನು ಕೇಳೋಣವೆಂದರೆ ಬರೆದವಳು ನೀನೇ. ಅಂಟಿಗೆ ಬಿದ್ದು ಒದ್ದಾಡಿದ್ದರಿಂದ ರೆಕ್ಕೆಯ ಹುಡಿಯೆಲ್ಲ ಉದುರಿ, ಅರ್ಧಕ್ಕರ್ಧ ಪತಂಗಗಳಿಗೆ ಚುಕ್ಕೆಯೇ ಇಲ್ಲ. ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ಎರಡು ಹೆಸರಿಗೂ ಒಂದೇ ಫೋಟೋ ಬರುತ್ತದೆ.

ನಾಲ್ಕನ್ನು ಬಿಡಿಸಿ ಈ ಡಬ್ಬಿಯಲ್ಲಿ ಕಳಿಸಿದ್ದೇನೆ. ಪಟ್ಟಿ ಬಿಚ್ಚಿದ ದಿನ ಒಂದು ಕಟಾಕ್ಷ ಬೀರಿ ತೀರ್ಪು ಕೊಡು.

ಇತಿ, ಅಪ್ಪಣೆಗಾಗಿ ಕೈಕಟ್ಟಿ ನಿಂತಿರುವ,
ತರಲೆ


ಫೆಬ್ರವರಿ ೨೧

ತರಲೆ,

ಬರೆಯುತ್ತಿರುವವಳು ನನ್ನ ತಂಗಿ. ಬೈಯುತ್ತಿರುವವಳು ನಾನು. ಅಕ್ಷರ ಮುದ್ದಾಗಿದೆ ಅಂತ ಮಾತೂ ಮುದ್ದಾಗಿದೆ ಅಂದುಕೊಳ್ಳಬೇಡ.

ಡಬ್ಬಿ ಬಂತು. ನನಗೆ ಇನ್ನೂ ಪಟ್ಟಿ ಬಿಚ್ಚಿಲ್ಲ, ಹಾಗಾಗಿ ಇವಳಿಗೆ ಭೂತಗನ್ನಡಿ ಕೊಟ್ಟು ಒಂದೊಂದಾಗಿ ವರ್ಣಿಸು ಅಂದೆ. ಮೂರನ್ನು ವರ್ಣಿಸಿದಳು. ನಾಲ್ಕನೆಯದಕ್ಕೆ ಬಂದು, "ಅಕ್ಕಾ, ಇದಕ್ಕೆ ಕಾಲೇ ಇಲ್ಲ, ಪಾಪ" ಅಂದಳು. "ಮೀಸೆ ಇದೆಯಾ?" ಅಂದೆ. "ಎರಡಿವೆ, ಆದರೆ ಒಂದು ನೆರೆತಿದೆ" ಅಂದಳು. ಪತಂಗದ ಮೀಸೆ ನೆರೆಯೋದಿಲ್ಲ ಕಣೋ. ಅದು ಚಹಾಪುಡಿಯ ಎಲೆಗೆ ಹುಬ್ಬಿನ ಕೂದಲು ಅಂಟಿಸಿದ್ದು. ನೆರೆತದ್ದು ನಿನ್ನಪ್ಪನ ಹುಬ್ಬು, ಅವನು ಮಲಗಿದ್ದಾಗ ಕಿತ್ತಿದೀಯ. ನೀನೊಬ್ಬ ಕತ್ತೆ. (ಅಕ್ಕ ಬಳಸಿದ ಪದ ಬೇರೆ, ಕತ್ತೆ ಎಂದು ತಿದ್ದಿದ್ದೇನೆ. – ಚಿಕ್ಕತ್ತೆ)

ಇನ್ನು ನೀನು ಕಳಿಸಿದ ಯಾವ ಡಬ್ಬಿಯನ್ನೂ ಈ ಮನೆಯಲ್ಲಿ ತೆರೆಯೋದಿಲ್ಲ. ನಾಲ್ಕರಲ್ಲಿ ಒಂದು ಸುಳ್ಳಾದರೆ ಉಳಿದ ಮೂರನ್ನು ನಾನು ಯಾಕೆ ನಂಬಲಿ? ಅದೇ ಅಂಟುಹಾಳೆಯವು ಅಂತ ಏನು ಗ್ಯಾರಂಟಿ? ಕೆಲಸದಲ್ಲಿ ನಗು ಇರಲಿ. ಮಾದರಿಯಲ್ಲಿ ನಗು ಬೆರೆಸಬೇಡ.

ನೀನೇ ನೋಡು. ರೆಕ್ಕೆ ಮರೆತುಬಿಡು, ರೆಕ್ಕೆ ನೋಡಿ ಕಳ್ಳ-ಸಾಧು ಹೇಳುವವನು ಅಂಗಿ ನೋಡಿ ಗುಣ ಹೇಳುವವನು. ಗಂಡು ಪತಂಗದ ಹೊಟ್ಟೆಯನ್ನು ಚಿಮಟದಿಂದ ಮುರಿದು ತೆಗೆ. ಸಣ್ಣ ಸೀಸೆಯಲ್ಲಿ ಕ್ಷಾರದ ನೀರಿಗೆ ಹಾಕಿ ಒಂದು ರಾತ್ರಿ ನೆನೆಸು. ಮೆತ್ತಗಾದ ಮೇಲೆ ಕುಂಚದಿಂದ ಹುಡಿ ಸವರಿ ತೆಗೆ. ಆಮೇಲೆ ಸೂಕ್ಷ್ಮದರ್ಶಕದ ಕೆಳಗೆ ಮುಖ್ಯವಾದದ್ದನ್ನು ನೋಡು. ಕಳ್ಳನಾದರೆ ಅಲ್ಲಿ ಒಂದು ಮುಳ್ಳಿರುತ್ತದೆ. ಸಾಧುವಿಗೆ ಮುಳ್ಳಿಲ್ಲ, ನುಣ್ಣಗಿರುತ್ತದೆ. ಹಾಳೆಯಲ್ಲಿರುವ ಗಂಡುಗಳನ್ನೆಲ್ಲ ನೋಡಬೇಕು. ಒಬ್ಬ ಸಾಧು ಸಿಕ್ಕಿದ ಅಂದರೆ ಊರಲ್ಲಿ ಕಳ್ಳರಿಲ್ಲ ಅಂತ ಅರ್ಥ ಅಲ್ಲ.

ದೊಡ್ಡತ್ತೆ
(ಚಿಕ್ಕತ್ತೆಯ ಕೈಬರಹ, ಕೆಲವೆಡೆ ತಿದ್ದುಪಡಿಗಳೊಂದಿಗೆ)


ಮಾರ್ಚ್ ೨

ಕ್ಷಮಾಸಾಗರಿಯೂ ಅಲ್ಲದ, ಕರುಣಾಸಾಗರಿಯೂ ಅಲ್ಲದ, ಆದರೂ ಸಾಗರದಷ್ಟೇ ಗರ್ಜಿಸುವ ದೊಡ್ಡತ್ತೆಗೆ,

ಹುಬ್ಬಿನ ವಿಷಯದಲ್ಲಿ ಅಪ್ಪನ ಕೋರ್ಟಿನಲ್ಲೂ ನನಗೆ ಶಿಕ್ಷೆಯಾಗಿದೆ. ಅದಿರಲಿ. ಈಗ ನಗುವ ಕಾಲ ಅಲ್ಲ.

ಪತಂಗ ಸಿಕ್ಕಿದ ಸುದ್ದಿ ನಮ್ಮ ಸಾಹೇಬರ ಕಿವಿಗೆ ಬಿತ್ತು. ಯಾವ ಕಾಗದ ಕಂಡರೂ ಮೊದಲು ಮುದ್ರೆ ಒತ್ತಿ ಆಮೇಲೆ ಓದುತ್ತಾರಲ್ಲ, ಅದೇ ಮುದ್ರೆ ಸಾಹೇಬರು. ಶೆಡ್ಡಿನ ಬಾಗಿಲಿಗೆ ಬೀಗ ಜಡಿದು, ಬೀಗಕ್ಕೆ ಕಾಗದ ಅಂಟಿಸಿ, ಕಾಗದಕ್ಕೆ ಮುದ್ರೆ ಒತ್ತಿ ಹೇಳಿದರು: "ಮಾರ್ಚ್ ಕೊನೆಯೊಳಗೆ ಇವು ಸಾಧು ಅಂತ ಸಾಬೀತು ಮಾಡು. ಇಲ್ಲಾಂದ್ರೆ ಅಷ್ಟೂ ಸಸಿ ಸುಡೋದೇ." ಚಿಗುರಲ್ಲಿ ಒಂದೂ ತೂತಿಲ್ಲ ಸಾರ್ ಅಂದೆ. "ಇವತ್ತು ಕಳ್ಳತನ ಆಗಿಲ್ಲ ಅಂದ್ರೆ ನಾಳೆ ಆಗಲ್ಲ ಅಂತೇನ್ರೀ?" ಅಂದರು. ಬೇರೆ ಊರಿನ ತಜ್ಞರನ್ನು ಕೇಳೋಣವೆಂದರೆ, ಈ ಎರಡನ್ನು ಬೇರೆ ಮಾಡಬಲ್ಲವರು ನಿನ್ನನ್ನು ಬಿಟ್ಟರೆ ಇಬ್ಬರಂತೆ. ಒಬ್ಬರು ಉತ್ತರ ಬರೆಯಲು ಆರು ತಿಂಗಳು ತೆಗೆದುಕೊಳ್ಳುತ್ತಾರೆ. ಇನ್ನೊಬ್ಬರು ತೀರಿಕೊಂಡಿದ್ದಾರೆ.

ಸಸಿತೋಟದಾಕೆ ದಿನಾ ಬೆಳಿಗ್ಗೆ ಬಂದು ಶೆಡ್ಡಿನ ತಂತಿಬಲೆಯ ಆಚೆ ನಿಲ್ಲುತ್ತಾಳೆ. ಒಳಗೆ ಬರಲು ಆಕೆಗೆ ಅಪ್ಪಣೆಯಿಲ್ಲ. ಹಿಂಬಾಗಿಲಿನಿಂದ ಹೋಗಿ ನೀರು ಹಾಕುವವನು ನಾನು, ನೀರು ಹಾಕುವುದು ಹೇಗೆಂದು ಹೊರಗಿಂದ ಕೂಗುವವಳು ಆಕೆ.

"ಬುಡಕ್ಕೆ ಹಾಕೋ, ತಲೆಗಲ್ಲ! ಅವೇನು ಸ್ನಾನಕ್ಕೆ ಕೂತಿದಾವಾ?"

"ಬುಡಕ್ಕೇ ಹಾಕ್ತಿದೀನಕ್ಕಾ."

"ಆ ಮೂಲೇದಕ್ಕೆ ನಿನ್ನೇನೂ ಹಾಕಿಲ್ಲ. ನನಗಿಲ್ಲಿಂದ ಕಾಣ್ಸುತ್ತೆ. ನಿನಗಲ್ಲಿಂದ ಕಾಣ್ಸಲ್ವಾ ಡಾಕ್ಟ್ರೇ?"

ಡಾಕ್ಟ್ರೇ ಅನ್ನುವುದು ಗೌರವಕ್ಕಲ್ಲ. ಮೂರು ವರ್ಷ ಕಸಿ ಕಟ್ಟಿ ಬೆಳೆಸಿದ ಸಸಿಗಳು. ಮೊದಲ ಸಲ ಹೊರಗೆ ಕಳಿಸುತ್ತಿರುವುದು. ಬೆಳಕಿಲ್ಲದೆ ಒತ್ತೊತ್ತಾಗಿ ನಿಂತು ಎಲೆ ಹಳದಿಯಾಗುತ್ತಿವೆ. "ಸುಡೋದಾದ್ರೆ ನನ್ನ ಕೈಲೇ ಕಡ್ಡಿ ಕೊಡಿ. ಬೇರೆಯವರು ಹಚ್ಚೋದು ಬೇಡ" ಅಂತ ನಿನ್ನೆ ಹೇಳಿದಳು. ಆಗ ಮಾತ್ರ ಕೂಗಲಿಲ್ಲ.

ಇನ್ನು ನನ್ನ ಸಂಶೋಧನೆ. ನೀನು ಹೇಳಿದಂತೆ ಹೊಟ್ಟೆ ಮುರಿದೆ, ನೆನೆಸಿದೆ, ಸವರಿದೆ. ಮುಖ್ಯವಾದದ್ದು ಅಂದರೇನೆಂದು ಒಂದು ದಿನವೆಲ್ಲ ಯೋಚಿಸಿ ಕಂಡುಹಿಡಿದೆ. ಕಳ್ಳ ತಿನ್ನುವುದು ಚಿಗುರು, ಸಾಧು ತಿನ್ನುವುದು ಒಣಎಲೆ. ಹೊಟ್ಟೆಯಲ್ಲಿ ಮುಖ್ಯವಾದದ್ದು ಊಟ! ಆದ್ದರಿಂದ ಪ್ರತಿ ಹೊಟ್ಟೆಯನ್ನೂ ಸೂಜಿಯಿಂದ ಸೀಳಿ ಊಟ ಹುಡುಕಿದೆ. ಒಂದರಲ್ಲೂ ತುತ್ತು ಅನ್ನುವಂಥದ್ದಿಲ್ಲ. ಮುಳ್ಳು ಚುಚ್ಚಿಕೊಂಡೀತೆಂದು ಹುಷಾರಾಗಿ ಹುಡುಕಿದೆ, ಮುಳ್ಳೂ ಇಲ್ಲ. ಎಲ್ಲರೂ ಕಠಿಣ ಉಪವಾಸದಲ್ಲಿದ್ದಾರೆ. ಉಪವಾಸ ಮಾಡುವವರು ಸಾಧುಗಳೇ ಅಲ್ಲವೇ? ಹಾಗೆಂದು ಸಾಹೇಬರಿಗೆ ಬರೆದುಕೊಡಲೇ?

ಇತಿ, ಹೊಟ್ಟೆಪಾಡಿಗಾಗಿ ಹೊಟ್ಟೆ ಸೀಳುತ್ತಿರುವ,
ತರಲೆ


ಮಾರ್ಚ್ ೯

ಏ ತರಲೆ,

ಇವಳು ನಿನ್ನ ಪತ್ರ ಓದಿ ಹೇಳುವಾಗ ಎರಡು ಸಲ ಎದ್ದು ಕೂತೆ. ಮೂರನೇ ಸಲ ಇವಳು ನನ್ನನ್ನು ಹಿಡಿದು ಮಲಗಿಸಿದಳು.

ರೆಕ್ಕೆ ಬಂದ ಪತಂಗ ಎಲೆಯನ್ನೂ ತಿನ್ನೋದಿಲ್ಲ, ಚಿಗುರನ್ನೂ ತಿನ್ನೋದಿಲ್ಲ. ತಿನ್ನೋದು ಮರಿಹುಳ. ತಿಂದದ್ದೆಲ್ಲ ಹುಳುವಾಗಿದ್ದಾಗಲೇ ತಿಂದು ಮುಗೀತು. ಅದರ ಹೊಟ್ಟೆ ಸೀಳಿ ಊಟ ಹುಡುಕೋದು, ಅಜ್ಜನ ಬಾಯಿ ತೆರೆಸಿ ಹಾಲುಹಲ್ಲು ಹುಡುಕಿದ ಹಾಗೆ. ಎಷ್ಟು ಪತಂಗ ಹಾಳು ಮಾಡಿದೆ? ಸೂಜಿಯಿಂದ ಸೀಳು ಅಂತ ಯಾರು ಹೇಳಿದರು ನಿನಗೆ? ನೋಡಬೇಕಾದ್ದೇ ಹರಿದುಹೋಗಿರುತ್ತೆ!

ಊಟ ಅಲ್ಲ. ಕರುಳಲ್ಲ. ನಾನು ಹೇಳಿದ್ದು ಅದು. ಹೊಟ್ಟೆಯ ತುದಿಯಲ್ಲಿರುತ್ತಲ್ಲ, ಅದು. ಅದನ್ನು ಹೊರಗೆ ತೆಗೆದು ನೋಡು. ಅದರಲ್ಲೇ ಮುಳ್ಳಿರೋದು. ಇಷ್ಟು ಬಿಡಿಸಿ ಹೇಳಿದ ಮೇಲೂ ಗೊತ್ತಾಗಲಿಲ್ಲ ಅಂದರೆ ನಿನ್ನನ್ನು ನನ್ನ ಕುರ್ಚಿಯ ಹತ್ತಿರ ಬಿಟ್ಟದ್ದು ನನ್ನ ತಪ್ಪು.

ಹೊಸ ಅಂಟುಹಾಳೆ ಹಾಕು. ಆ ಹೆಂಗಸಿಗೆ ಹೇಳು, ನಾನು ಇದ್ದಿದ್ದರೆ ಒಂದು ಬೆಳಗಿನ ಕೆಲಸ ಅಂತ. ಬೇಡ, ಹೇಳಬೇಡ. ಅದನ್ನು ಕೇಳಿ ಅವಳಿಗೇನು ಸಮಾಧಾನ.

ದೊಡ್ಡತ್ತೆ
(ಅಕ್ಕನ ಒತ್ತಡ ಮತ್ತೆ ಏರಿದೆ. ಸಾಧ್ಯವಾದರೆ ಸೌಮ್ಯವಾಗಿ ಬರೆ. – ಚಿಕ್ಕತ್ತೆ)


ಮಾರ್ಚ್ ೧೫

ಅತ್ತೆ,

ಬಿರುದುಗಳನ್ನು ಬರೆಯುವ ಉತ್ಸಾಹವಿಲ್ಲ.

ಯಾವುದು 'ಅದು'? ತುದಿಯಲ್ಲಿ ಕೂದಲಿದೆ, ಬಳೆಯಂಥದ್ದಿದೆ, ಏನೋ ಮಡಿಸಿದ ಹಾಗಿದೆ, ಗುಳ್ಳೆಯಂಥದ್ದೂ ಇದೆ. ಎಲ್ಲವೂ ಅದೇ ಅನ್ನಿಸುತ್ತದೆ, ಯಾವುದೂ ಅಲ್ಲ ಅನ್ನಿಸುತ್ತದೆ. ಒಂದೊಂದು ಚೂರನ್ನೂ ಮುಳ್ಳು ಅಂದುಕೊಂಡು ನೋಡುತ್ತೇನೆ, ಬೆಳಕು ತಿರುಗಿಸಿದರೆ ಬರಿಯ ಮಡಿಕೆ. ನಾನು ಓದಿದ್ದು ವಾಣಿಜ್ಯ. ನನ್ನನ್ನು ಇಲ್ಲಿ ಸೇರಿಸಿದವಳು ನೀನು, ಸೀಸೆಗೆ ಚೀಟಿ ಅಂಟಿಸುವುದಕ್ಕೆ. ಇಷ್ಟು ವರ್ಷ ಪಾಠದ ಹಾಗೆ ಎಲ್ಲರಿಗೂ ಎಲ್ಲವನ್ನೂ ಬಿಡಿಸಿ ಹೇಳಿದವಳು, ಈಗ ಯಾಕೆ ಒಗಟು ಹಾಕುತ್ತಿದ್ದೀಯ? ಚಹಾಪುಡಿಯ ಸೇಡಾ? ಹಾಗಿದ್ದರೆ ನನ್ನ ಮೇಲೆ ತೀರಿಸಿಕೋ. ಗಿಡಗಳ ಮೇಲೆ ಬೇಡ.

ಮೂಲೆಯ ಸಾಲು ಪೂರ್ತಿ ಒಣಗಿತು. ಆಕೆ ನೋಡಿದಳು, ಆದರೆ ಬೈಯಲಿಲ್ಲ. ಇಷ್ಟು ದಿನ ಬೈಯುತ್ತಿದ್ದಾಗ ಕಿವಿ ಮುಚ್ಚಿಕೊಳ್ಳೋಣ ಅನ್ನಿಸುತ್ತಿತ್ತು. ಈಗ ಬೆಳಿಗ್ಗೆ ತಂತಿಬಲೆ ಹಿಡಿದುಕೊಂಡು ಸುಮ್ಮನೆ ನಿಂತಿರುತ್ತಾಳೆ. ಒಮ್ಮೆ ಬೈಯಕ್ಕಾ ಅನ್ನಬೇಕು ಅನ್ನಿಸುತ್ತದೆ.

ಹೊಸ ಹಾಳೆಗೆ ಪತಂಗಗಳು ಬಿದ್ದಿವೆ. ಬೀಳುತ್ತಲೇ ಇವೆ. ಮುಟ್ಟದೆ ಇಟ್ಟಿದ್ದೇನೆ.

ಚಿಕ್ಕತ್ತೆ, ಈ ಪತ್ರವನ್ನು ದಯವಿಟ್ಟು ಒಂದಕ್ಷರ ಬಿಡದೆ ಓದಿ ಹೇಳು.

ತರಲೆ


ಮಾರ್ಚ್ ೨೧

ಚಿರಂಜೀವಿಗೆ,

ಈ ಪತ್ರ ನನ್ನದು. ಅಕ್ಕ ಹೇಳಿ ಬರೆಸಿದ್ದಲ್ಲ. ಅಕ್ಕ ಸದ್ಯ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ನೀರು ಬೇಕಾದರೆ ಲೋಟ ಬಡಿಯುತ್ತಾಳೆ.

ನಿನ್ನ ಪತ್ರವನ್ನು ಒಂದಕ್ಷರ ಬಿಡದೆ ಓದಿದೆ. ಮೊದಲಿನವುಗಳನ್ನು ಹಾಗೆ ಓದಿರಲಿಲ್ಲ ಎಂದು ಇದರಿಂದಲೇ ತಿಳಿದುಕೋ. 'ಯಾವುದು ಅದು' ಎಂಬಲ್ಲಿಗೆ ಬಂದಾಗ ಅಕ್ಕ ನಿಲ್ಲಿಸಿದಳು.

"ಅದು ಅಂದ್ರೇನೇ? ನಾನು ಹೆಸರು ಹಿಡಿದು ಹೇಳಿದ್ನಲ್ಲ. ನೀನೇನು ಬರೆದೆ?"

"ಅದು ಅಂತ ಬರೆದೆ."

"ಮೊದಲನೇ ಪತ್ರದಲ್ಲಿ?"

"ಮುಖ್ಯವಾದದ್ದು ಅಂತ."

ಅಕ್ಕ ಪಟ್ಟಿ ಕಟ್ಟಿದ ಮುಖವನ್ನು ನನ್ನತ್ತ ತಿರುಗಿಸಿ, "ನೀನು ಪಾಠ ಹೇಳಿಕೊಟ್ಟ ಮಕ್ಕಳಿಗೆಲ್ಲ ಮಕ್ಕಳಾದವಲ್ಲ, ಅದು ಹೇಗೆ ಅಂತ ನನಗೆ ಆಶ್ಚರ್ಯ" ಅಂದಳು. ಅಂದಿನಿಂದ ಲೋಟ.

ನಾನು ಭಾಷೆ ಕಲಿಸಿದವಳು. ನಮ್ಮ ಶಾಲೆಯಲ್ಲಿ ವಿಜ್ಞಾನದ ಮೇಷ್ಟರು ಆ ಒಂದು ಪಾಠ ಬಂದಾಗಲೆಲ್ಲ ರಜೆ ಹಾಕುತ್ತಿದ್ದರು. ಆ ತರಗತಿಗೆ ನನ್ನನ್ನು ಕಳಿಸುತ್ತಿದ್ದರು. ನಾನು ಸಂಧಿ ಸಮಾಸ ಹೇಳಿಕೊಟ್ಟು ಬರುತ್ತಿದ್ದೆ. ಹುಡುಗರು ಸಮಾಸದಲ್ಲಿ ಗಟ್ಟಿಯಾದರು. ಹೀಗಿರುವಾಗ, ತಮ್ಮನ ಮಗನಿಗೆ ಬರೆಯುವ ಕಾಗದದಲ್ಲಿ ಆ ಪದವನ್ನು ಹೇಗೆ ಬರೆಯಲಿ? ಅರ್ಥ ಮಾಡಿಕೊಳ್ಳುತ್ತಾನೆ ಬಿಡು ಅಂದುಕೊಂಡೆ. ಪತಂಗದ ವಿಷಯದಲ್ಲಿ ಮರ್ಯಾದೆ ಉಳಿಸಿದರೆ ಒಂದು ಸಾಲು ಗಿಡ ಸಾಯುತ್ತದೆ ಎಂದು ನನಗೆ ಹೊಳೆಯಲಿಲ್ಲ. ಆ ಹೆಂಗಸು ತಂತಿಬಲೆ ಹಿಡಿದು ನಿಲ್ಲುವುದನ್ನು ಓದಿದ ಮೇಲೆ ಹೊಳೆಯಿತು.

ಆದ್ದರಿಂದ ಬರೆಯುತ್ತೇನೆ. ಬಾಗಿಲು ಹಾಕಿಕೊಂಡು ಬರೆಯುತ್ತಿದ್ದೇನೆ. ನೀನೂ ಬಾಗಿಲು ಹಾಕಿಕೊಂಡು ಓದು.

ನೀನು ನೋಡಬೇಕಾದದ್ದು ಗಂಡು ಪತಂಗದ ಪ್ರಜನನಾಂಗ.

ಬರೆದೆ. ಏನೂ ಆಗಲಿಲ್ಲ.

ಅದು ಹೊಟ್ಟೆಯ ತುದಿಯೊಳಗೆ ಮಡಿಸಿಕೊಂಡಿರುತ್ತದೆಯಂತೆ. ನೆನೆಸಿದ ಮೇಲೆ ಹಿಂದಿನಿಂದ ಮೆಲ್ಲಗೆ ಒತ್ತಿದರೆ, ಸೀಳದೆಯೇ, ತಾನಾಗಿ ಹೊರಗೆ ಜಾರುತ್ತದೆ. ಎರಡು ಬದಿಯಲ್ಲಿ ಎರಡು ಎಲೆಯಂಥ ಹಿಡಿಕೆಗಳಿರುತ್ತವೆ, ಹೆಣ್ಣನ್ನು ಹಿಡಿದುಕೊಳ್ಳುವುದಕ್ಕೆ. (ಇದನ್ನೂ ಬರೆದೆ.) ಕಳ್ಳನ ಹಿಡಿಕೆಯ ಒಳಬದಿಯಲ್ಲಿ ಬಾಗಿದ ಒಂದು ಕರಿಮುಳ್ಳು. ಸಾಧುವಿನ ಹಿಡಿಕೆ ನುಣ್ಣಗೆ, ಚಮಚದ ಹೊಟ್ಟೆಯ ಹಾಗೆ. ಅನುಮಾನ ಬಂದರೆ ಅದು ಮುಳ್ಳಲ್ಲ. ಮುಳ್ಳಿದ್ದರೆ ಅನುಮಾನವೇ ಬರುವುದಿಲ್ಲ ಎಂದು ಅಕ್ಕನ ಮಾತು. ಮಾತು ಬಿಡುವ ಮೊದಲು ಅಕ್ಕ ಹೇಳಿದ್ದಂತೆ ಕೆಳಗೆ ಚಿತ್ರವನ್ನೂ ಬರೆದಿದ್ದೇನೆ. ಈ ವಯಸ್ಸಿನಲ್ಲಿ ನಾನು ಇಂಥ ಚಿತ್ರ ಬರೆದೆನೆಂದು ನಿನ್ನಪ್ಪನಿಗೆ ಹೇಳಬೇಡ.

ಇತಿ ಆಶೀರ್ವಾದಗಳೊಂದಿಗೆ,
ಚಿಕ್ಕತ್ತೆ


ಮಾರ್ಚ್ ೨೯

ವಿಜಯಸ್ತಂಭದ ಬುಡದಲ್ಲಿ ನಿಂತು ಬರೆಯುತ್ತಿರುವ ಸೋದರಳಿಯನಿಂದ, ಪತಂಗಶಾಸ್ತ್ರಮಾತೆ ದೊಡ್ಡತ್ತೆಗೂ, ಲಜ್ಜಾವಿಜಯಿನಿ ಚಿಕ್ಕತ್ತೆಗೂ ಏಕಕಾಲಕ್ಕೆ ನಮಸ್ಕಾರಗಳು. ಚಿಕ್ಕತ್ತೆಗೆ ಬಾಕಿಯಿದ್ದ ಅರ್ಧವನ್ನೂ ಸೇರಿಸಿದ್ದೇನೆ.

ಸಾಧು! ಹೊಸ ಹಾಳೆಯ ಗಂಡುಗಳೆಲ್ಲ ಸಾಧುಗಳೇ!

ಮೊದಲನೆಯದನ್ನು ಜೋರಾಗಿ ಒತ್ತಿದ್ದಕ್ಕೆ ಅದು ತಟ್ಟೆಯಿಂದ ಹಾರಿತು, ಮೇಜಿನ ಕೆಳಗೆ ಹುಡುಕಿ ತಂದೆ. ಎರಡನೆಯದು ನೆಟ್ಟಗೆ ಜಾರಿ ಹೊರಗೆ ಬಂತು. ಚಿಕ್ಕತ್ತೆಯ ಚಿತ್ರ ಪಕ್ಕದಲ್ಲಿಟ್ಟುಕೊಂಡಿದ್ದೆ. ಎರಡು ಹಿಡಿಕೆ, ಚಮಚದ ಹಾಗೆ ನುಣ್ಣಗೆ. ನಿನ್ನ ಕಪಾಟಿನಲ್ಲಿದ್ದ, ಕಳ್ಳನ ಮಾದರಿಯ ಹಳೆಯ ಗಾಜಿನ ಸ್ಲೈಡನ್ನು ಹುಡುಕಿ ಅದನ್ನೂ ನೋಡಿದೆ. ಅಬ್ಬಾ ಅತ್ತೆ, ಅದು ಮುಳ್ಳೋ ಕೊಕ್ಕೆಯೋ! ಇಷ್ಟು ದಿನ ಚುಕ್ಕೆ, ಪಟ್ಟೆ, ತುಸು, ಒಂಚೂರು ಅಂತ ತಲೆ ಚಚ್ಚಿಕೊಂಡೆನಲ್ಲ, ಒಳಗೆ ನೋಡಿದರೆ ಇಬ್ಬರೂ ಆನೆ-ಇಲಿಯಷ್ಟು ಬೇರೆ. ಒಂದಾದ ಮೇಲೊಂದು ನೋಡುತ್ತ ಹೋದೆ. ಪ್ರತಿಸಲ ಒತ್ತುವಾಗಲೂ ಇದರಲ್ಲಿ ಮುಳ್ಳಿದ್ದರೆ ಎಲ್ಲ ಮುಗಿಯಿತು ಅನ್ನಿಸುತ್ತಿತ್ತು. ಪ್ರತಿಸಲವೂ ಚಮಚ.

ಸಾಹೇಬರ ಹತ್ತಿರ ಓಡಿದೆ. ತಟ್ಟೆಸಮೇತ.

"ಸಾಧು ಅಂತ ನೀನು ಹೇಳಿದ್ರೆ ಆಯ್ತೇನಯ್ಯಾ? ಸಾಕ್ಷಿ ತೋರಿಸು. ನಾನೇ ಕಣ್ಣಾರೆ ನೋಡ್ತೀನಿ" ಅಂತ ಗತ್ತಿನಿಂದ ಬಂದು ಸೂಕ್ಷ್ಮದರ್ಶಕದ ಮೇಲೆ ಬಗ್ಗಿದರು. "ಏನಿದು?"

ಚಿಕ್ಕತ್ತೆಯನ್ನು ನೆನೆದು, ಗಟ್ಟಿ ದನಿಯಲ್ಲಿ, ಗುಮಾಸ್ತೆಯರಿಬ್ಬರ ಸಮ್ಮುಖದಲ್ಲಿ, ಪೂರ್ತಿ ಪದ ಹೇಳಿದೆ.

ಸಾಹೇಬರು ಬಿಸಿ ಪಾತ್ರೆ ಮುಟ್ಟಿದವರ ಹಾಗೆ ಹಿಂದೆ ಸರಿದರು. "ಇನ್ನೂ ಇವೆ ಸಾರ್, ಒಂದೊಂದಾಗಿ ತೋರಿಸ್ತೀನಿ" ಅಂದೆ. "ಬೇಡ ಬೇಡ, ನಿಮ್ಮತ್ತೆ ಹೇಳಿಕೊಟ್ಟಿದ್ದಾರೆ ಅಂದ್ಮೇಲೆ ಸರಿಯಾಗೇ ಇರುತ್ತೆ" ಅಂತ ಗೋಡೆ ನೋಡುತ್ತಲೇ ಮುದ್ರೆ ಒತ್ತಿದರು. ಚಿಕ್ಕತ್ತೆಗೆ ಒಂದು ತಿಂಗಳು ಅಡ್ಡ ಬಂದ ನಾಚಿಕೆ ಇವರನ್ನು ಒಂದು ನಿಮಿಷದಲ್ಲಿ ದಾರಿಗೆ ತಂದಿತು.

ಬೀಗ ತೆಗೆದೆವು. ಸಸಿತೋಟದಾಕೆ ಒಳಗೆ ಬಂದು ಮೊದಲು ಸತ್ತ ಸಾಲನ್ನು ನೋಡಿದಳು. ಒಂದೊಂದೇ ಚೀಲ ಎತ್ತಿ ಬದಿಗಿಟ್ಟಳು. ಆಮೇಲೆ ಬದುಕಿದವುಗಳ ಬುಡ ಮುಟ್ಟಿ, "ಅಂತೂ ಬುಡಕ್ಕೆ ಹಾಕೋದು ಕಲ್ತೆ, ಡಾಕ್ಟ್ರೇ" ಅಂದಳು. ಈ ಸಲ ಗೌರವಕ್ಕೇ ಅಂದಳು ಅಂದುಕೊಂಡಿದ್ದೇನೆ. ಹೋಗುವಾಗ ಒಂದು ಸಸಿ ನನ್ನ ಕೈಗಿಟ್ಟಳು. ಬೇಡ ಅಂದರೆ ಬಿಡಲಿಲ್ಲ.

ಇತಿ, ಒಳಗನ್ನು ನೋಡಿ ಗುಣ ಹೇಳುವ,
ತರಲೆ


ಏಪ್ರಿಲ್ ೫

ತರಲೆ,

ನನ್ನದೇ ಕೈ. ಪಟ್ಟಿ ಬಿಚ್ಚಿದರು. ಸಾಲು ಓರೆಯಾದರೆ ಕಾಗದ ತಿರುಗಿಸಿಕೊಂಡು ಓದು.

ನೀನು ಪಾರ್ಸಲ್ಲಿನಲ್ಲಿ ಕಳಿಸಿದ ಗಾಜಿನ ಸ್ಲೈಡುಗಳನ್ನು ಭೂತಗನ್ನಡಿ ಹಿಡಿದು ನೋಡಿದೆ. ಇವಳು ಡಬ್ಬಿ ತೆರೆಯಬೇಡ, ಹುಬ್ಬಿರುತ್ತೆ ಅಂದಳು. ಹುಬ್ಬಿರಲಿಲ್ಲ. ಒಂದನ್ನೂ ಹರಿಯದೆ ತೆಗೆದಿದ್ದೀಯ. ಮೊದಲ ವರ್ಷ ನಾನು ಹರಿದದ್ದೇ ಹೆಚ್ಚು. ಇಂಥ ಮಾತು ನಾನು ಮತ್ತೆ ಹೇಳುವುದಿಲ್ಲ, ಬೇಕಾದರೆ ಕತ್ತರಿಸಿ ಇಟ್ಟುಕೋ.

ಇದೇ ಹತ್ತರಂದು ಇನ್ನೊಂದು ಕಣ್ಣಿಗೂ ಕತ್ತರಿ. ಮತ್ತೆ ಎರಡಕ್ಕೂ ಪಟ್ಟಿ, ಮತ್ತೆ ತಂಗಿ. ಆಮೇಲೂ ಸೂಕ್ಷ್ಮದರ್ಶಕ ಕಮ್ಮಿ ಮಾಡಿ ಅಂತ ಡಾಕ್ಟರು. ಹಾಗಾಗಿ ನನ್ನ ಕುರ್ಚಿಯ ಮೇಲೆ ನೀನು ಕೂತುಕೋ. ತಾತ್ಕಾಲಿಕ ಅನ್ನೋದನ್ನು ತೆಗೆಯಲು ಮುದ್ರೆಯವನಿಗೆ ಬರೆದಿದ್ದೇನೆ. ನೀನು ಮಾದರಿಯಲ್ಲಿ ಸುಳ್ಳು ಬೆರೆಸೋದಿಲ್ಲ ಅಂತ ನನ್ನ ಹೆಸರು ಒತ್ತೆ ಇಟ್ಟಿದ್ದೇನೆ.

ಒಂದೇ ಒಂದು ಸಂಗತಿ ನಿದ್ದೆ ಕೆಡಿಸಿದೆ. ಸಾಧುವಿನ ಮರಿಗೆ ಒಣಎಲೆಯ ರಾಶಿ ಬೇಕು. ಹೊಸ ಹಾಳೆಗೂ ಬೀಳುತ್ತಲೇ ಇದ್ದವು ಅಂದರೆ ಅವು ಸಸಿಗಳ ಜೊತೆ ಬಂದವುಗಳಲ್ಲ, ಅಲ್ಲೇ ಹುಟ್ಟುತ್ತಿದ್ದವು. ಸಿಮೆಂಟಿನ ನೆಲ, ವಾರವಾರ ಗುಡಿಸಿದ ಶೆಡ್ಡು. ಅಲ್ಲಿ ಅವು ಏನು ತಿಂದು ಬೆಳೆದವು? ಯೋಚಿಸಿ ಬರೆ.

ದೊಡ್ಡತ್ತೆ


ಏಪ್ರಿಲ್ ೧೨

ಉಭಯನೇತ್ರವಿಜಯಿನಿಯೂ, ಕುರ್ಚಿಪ್ರದಾಯಿನಿಯೂ, ಜನ್ಮದಲ್ಲಿ ಒಮ್ಮೆ ಹೊಗಳಿ ಆ ದಾನದಿಂದ ತಾನೇ ಬಳಲಿದವಳೂ ಆದ ದೊಡ್ಡತ್ತೆಗೆ ನಮಸ್ಕಾರಗಳು. ಹೊಗಳಿದ ಸಾಲನ್ನು ಕತ್ತರಿಸಿಲ್ಲ. ಕಾಗದವನ್ನೇ ಗೋಡೆಗೆ ಅಂಟಿಸಿದ್ದೇನೆ, ಗುಡಿಸುವ ಅಪ್ಪಣೆಯ ಪಕ್ಕದಲ್ಲಿ.

ಈ ಪಟ್ಟಿ ಬಿಚ್ಚುವವರೆಗೆ ಕೂಗಾಡಬೇಡ. ಭಾನುವಾರಗಳಂದು ನಾನು ಸಸಿತೋಟಕ್ಕೆ ಹೋಗಿ ಕಸಿ ಕಟ್ಟುವುದು ಕಲಿಯುತ್ತಿದ್ದೇನೆ. ಸತ್ತ ಸಾಲಿಗೆ ಬದಲು ಅಷ್ಟಾದರೂ ಆಗಲಿ ಅಂತ. ಆಕೆ ಬಂದವರಿಗೆಲ್ಲ ನನ್ನನ್ನು ತೋರಿಸಿ, "ಬಂಗಾರದಂಥ ಹುಡುಗ, ಸಂಬಳ ಕೊಡ್ತೀನಿ ಅಂದ್ರೂ ಮುಟ್ಟಲ್ಲ" ಅನ್ನುತ್ತಾಳೆ. ಆಗ ನನಗೆ ಕಸಿಚಾಕು ಕೈ ಕೊಯ್ಯುತ್ತದೆ.

ನಿನ್ನ ಪ್ರಶ್ನೆ ಗಹನವಾದದ್ದು. ಕಿಟಕಿಯಿಂದ ಎಲೆ ಹಾರಿ ಬಂದಿರಬಹುದು. ಗೋಡೆಯ ಪಾಚಿ ತಿಂದಿರಬಹುದು. ಸಾಧುಗಳಾದ್ದರಿಂದ ನಿರಾಹಾರವಾಗಿಯೇ ಬೆಳೆದಿರಬಹುದು.

ಚಿಕ್ಕತ್ತೆ, ಇಲ್ಲಿಗೆ ಓದುವುದನ್ನು ನಿಲ್ಲಿಸು. ಮುಂದೇನಿದೆ ಅಂತ ಅಕ್ಕ ಕೇಳಿದರೆ, ಮುಖ್ಯವಾದದ್ದೇನೂ ಇಲ್ಲ ಅನ್ನು. ನಿನಗೆ ಅಭ್ಯಾಸವಿದೆ.

ಶೆಡ್ಡನ್ನು ನಾನು ವಾರವಾರವೂ ಗುಡಿಸಿದ್ದು ನಿಜ. ಕಸ ಎತ್ತಿರಲಿಲ್ಲ. ಅಷ್ಟೂ ಎಲೆ ಕೊನೆಯ ಸಾಲಿನ ಚೌಕಟ್ಟಿನ ಹಿಂದೆ ಇತ್ತು, ನನ್ನ ಮೊಣಕಾಲೆತ್ತರ.

ತರಲೆ